ಇಲಿಮನೆಯಲ್ಲಿ ಭಾವನ ನಿದ್ದೆ

ನನ್ನ ಅಕ್ಕನ ಗಂಡನಿಗೆ ಇಲಿ ಕಂಡರೆ ಅಕ್ಕರೆ, ಮನುಷ್ಯರನ್ನು ಕಂಡರೆ ಸಂಕೋಚ. ಸಂಶೋಧನಾ ಸಂಸ್ಥೆಯೊಂದರ ಇಲಿಮನೆಯಲ್ಲಿ ಅವರಿಗೆ ಕೆಲಸ. ಪಂಜರ ತೊಳೆಯಬೇಕು, ಮರದ ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತುಂಬಬೇಕು. ನಾದಿನಿಯಾದ ಮೇಲೆ ರೇಗಿಸುವುದು ನನ್ನ ಹಕ್ಕು. "ಏನ್ ಭಾವ, ನಿಮ್ಮ ಮಕ್ಕಳೆಲ್ಲ ಆರೋಗ್ಯಾನಾ?" ಅಂದರೆ, "ಮೂಲೆ ಪಂಜರದವನು ಯಾಕೋ ಸ್ವಲ್ಪ ಸಪ್ಪಗಿದಾನೆ" ಎಂದು ಗಂಭೀರವಾಗಿ ಉತ್ತರಿಸುವ ಆಸಾಮಿ. ಇಲಿಗಳ ಮಿದುಳು ತೆಗೆದು ನೋಡುವ ದಿನ ಮಾತ್ರ ಮನೆಗೆ ಬಂದು ಊಟ ಬೇಡ ಅನ್ನುತ್ತಾರೆ. ಅವತ್ತು ನಾನೂ ರೇಗಿಸುವುದಿಲ್ಲ.

ಅವರ ಕೋಣೆಯಲ್ಲಿ ಹಗಲೇ ರಾತ್ರಿ. ಇಲಿಗಳು ಕತ್ತಲಲ್ಲಿ ಓಡಾಡುವ ಜೀವ, ಅವುಗಳನ್ನು ನೋಡಬೇಕಾದವರು ಹಗಲಲ್ಲಿ ಸಂಬಳ ಪಡೆಯುವವರು. ಹಾಗಾಗಿ ದೀಪವನ್ನು ಬೆಳಿಗ್ಗೆ ಆರಿಸಿ ಸಂಜೆ ಹಚ್ಚುತ್ತಾರೆ. ಭಾವ ಮಂದ ಕೆಂಪು ಬೆಳಕಿನಲ್ಲಿ ತಡವರಿಸಿಕೊಂಡೇ ಕೆಲಸ ಮಾಡಬೇಕು. ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯೊಬ್ಬಳು ಅವರಿಗೆ ವಿಷಯ ತಿಳಿಸಿ ಹೇಳಿದ್ದಳಂತೆ. ಮಿದುಳಿನೊಳಗೆ ಕಾವಲಿನ ಜೀವಕೋಶಗಳಿವೆ. ಕಸ ಎತ್ತುವುದು, ಸೋಂಕು ಬಂದರೆ ಕಾದಾಡುವುದು ಅವುಗಳ ಪಾಲಿನ ಕೆಲಸ. ದೇಹದ ಗಡಿಯಾರಕ್ಕೆ ತಕ್ಕಂತೆ ಅವು ಒಂದು ಹೊತ್ತಿನಲ್ಲಿ ಬೇಗ ಕೆರಳುತ್ತವೆ, ಇನ್ನೊಂದು ಹೊತ್ತಿನಲ್ಲಿ ತೆಪ್ಪಗಿರುತ್ತವೆ. ಯಾವ ಹೊತ್ತಿನಲ್ಲಿ ಎಷ್ಟು ಎಂಬುದೇ ಅವಳ ಪ್ರಶ್ನೆ.

"ಹಾಗಾದ್ರೆ ನಿಮ್ಮ ತಲೆಯಲ್ಲಿರೋ ಕಾವಲುಗಾರರಿಗೆ ಪಾಪ, ಡ್ಯೂಟಿ ಯಾವಾಗ ಅಂತಾನೇ ಗೊತ್ತಿರಲ್ಲ ಬಿಡಿ ಭಾವ," ಅಂದೆ ನಾನು.

ಸುಳ್ಳೇನಲ್ಲ. ಹಗಲೆಲ್ಲ ಕತ್ತಲಲ್ಲಿ ಕಳೆಯುವ ಮನುಷ್ಯನಿಗೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಕಣ್ಣು ತಾನಾಗಿ ಎಳೆಯುತ್ತಿತ್ತು.

ಎರಡು ವರ್ಷ ದುಡಿದ ಮೇಲೆ ಹುಡುಗಿಗೆ ಒಂದು ವಿಚಿತ್ರ ಕಂಡಿತು. ಆ ಕೋಣೆಯ ಇಲಿಗಳಲ್ಲಿ ಕಾವಲು ಕೋಶಗಳು ನಡುಮಧ್ಯಾಹ್ನ ಕೆರಳಿ ನಿಲ್ಲುತ್ತಿದ್ದವು. ಯಾರೂ ನಿರೀಕ್ಷಿಸದ ಹೊತ್ತು ಅದು. ಅವಳ ಪ್ರೊಫೆಸರ್ ಹಿರಿಹಿರಿ ಹಿಗ್ಗಿದರು, ಕೇಕು ತರಿಸಿದರು, ಭಾವನ ಕೈಗೂ ಒಂದು ತುಂಡು ಬಂತು. "ಅಷ್ಟೊತ್ತಲ್ಲಿ ಆ ಕೋಣೆಯಲ್ಲಿ ಏನು ನಡೆಯುತ್ತೆ ಅನ್ನೋದೇ ಸೋಜಿಗ," ಎಂದರು ಪ್ರೊಫೆಸರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಭಾವನ ಪಾಡು. ಭಾವ ಕೇಕನ್ನು ಬಾಯಿಗಿಡದೆ ನಿಂತರು. ಊಟ ಮುಗಿಸಿ ಪಂಜರಗಳ ಕಪಾಟಿಗೆ ಒರಗಿ ದಿನಾ ಒಂದು ನಿದ್ದೆ ತೆಗೆಯುತ್ತಿದ್ದವರು ಅವರೇ. ಆ ಗೊರಕೆ ಎಂಥದ್ದೆಂದರೆ, ಅಕ್ಕ ಮದುವೆಯಾದ ವಾರದಲ್ಲೇ ಹಾಸಿಗೆಯನ್ನು ಪಕ್ಕದ ಕೋಣೆಗೆ ಸಾಗಿಸಿದ್ದಳು.

ಸಂಜೆ ಮನೆಯಲ್ಲಿ ಎಲ್ಲ ಹೊರಬಿತ್ತು. ಹೇಳಿದರೆ ಕೆಲಸಕ್ಕೆ ಕುತ್ತು, ಹುಡುಗಿಯ ಪದವಿಗೂ ಪೆಟ್ಟು. ಸುಮ್ಮನಿದ್ದರೆ ಎಲ್ಲರೂ ಸುಖಿಗಳು.

"ಸುಮ್ನಿರಿ ಅತ್ಲಾಗೆ," ಅಂದಳು ಅಕ್ಕ. "ಇಲಿಗಳೇನು ಬಂದು ಸಾಕ್ಷಿ ಹೇಳ್ತಾವಾ?"

"ಆ ಹುಡುಗಿ ನನ್ನ ನಂಬಿ ಕೀಲಿ ಕೊಟ್ಟಿದಾಳೆ ಕಣೆ," ಅಂದರು ಭಾವ.

ಮರುದಿನ ಹೋಗಿ ಹೇಳಿಯೇಬಿಟ್ಟರು. ಹುಡುಗಿ ಕಂಪ್ಯೂಟರಿನ ಕಡೆಗೆ ಕುರ್ಚಿ ತಿರುಗಿಸಿದಳಂತೆ. ಆಮೇಲೆ, "ಭಾನುವಾರ ಅಂಕಲ್?" ಎಂದು ಕೇಳಿದಳು.

"ಭಾನುವಾರ ನಂಗೆ ರಜೆ ಅಲ್ವೇನಮ್ಮ."

ಅವಳು ಕಂಪ್ಯೂಟರಿನಲ್ಲಿ ಭಾನುವಾರ ಪರೀಕ್ಷಿಸಿದ್ದ ಇಲಿಗಳ ಲೆಕ್ಕವನ್ನು ಬೇರೆ ಮಾಡಿ ನೋಡಿದಳು. ಅವುಗಳ ಕಾವಲು ಕೋಶಗಳು ಮಧ್ಯಾಹ್ನ ತೆಪ್ಪಗಿದ್ದವು. ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಪ್ರೊಫೆಸರ್ ಭಾವನಿಗೆ ಬಾಯಿಗೆ ಬಂದಂತೆ ಬೈದು, ನಾಳೆಯಿಂದ ಬರಬೇಡ ಅಂದರು. ಆಗ ಆ ಹುಡುಗಿಯೇ ಕಣ್ಣೊರೆಸಿಕೊಂಡು ಅಡ್ಡ ಬಂದಳು.

"ತೆಗೀಬೇಡಿ ಸರ್. ಇವರು ಬಾಯಿ ಬಿಡದೇ ಇದ್ದಿದ್ರೆ ನಾನು ಜೀವಮಾನವಿಡೀ ಒಂದು ಗೊರಕೇನ ಸಮರ್ಥಿಸಿಕೊಂಡು ಓಡಾಡ್ತಿದ್ದೆ."

ಆದರೆ ಕೆರಳಿಸಿದ್ದು ಗೊರಕೆಯೇ ಎಂದು ಸಾಬೀತಾಗಬೇಕಲ್ಲ. ಹೊಸ ಇಲಿಗಳನ್ನು ತಂದರು. ಭಾವ ದಿನಾ ಅದೇ ಹೊತ್ತಿಗೆ ಅದೇ ಕಪಾಟಿಗೆ ಒರಗಿ ನಿದ್ದೆ ಮಾಡಬೇಕೆಂದು ಅಪ್ಪಣೆಯಾಯಿತು. ಸಂಬಳ ಕೊಟ್ಟು ಗೊರಕೆ ಹೊಡೆಸುವ ಕಚೇರಿ ಇದೊಂದೇ ಇರಬೇಕೆಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೊದಲ ದಿನ ಮುಗಿಸಿ ಬಂದ ಭಾವನ ಮುಖ ಇಳಿದುಹೋಗಿತ್ತು.

"ಕೆಲಸ ಹೇಗಾಯ್ತು ಭಾವ? ಚೆನ್ನಾಗಿ ಹೊಡೆದ್ರಾ?"

"ನಿದ್ದೇನೇ ಬರ್ಲಿಲ್ಲ ಕಣಮ್ಮ."

"ಇದೊಳ್ಳೆ ಕಥೆ. ಇಷ್ಟು ದಿನ ಕದ್ದು ಮಲಗ್ತಿದ್ರಿ, ಈಗ ಮಲಗಿ ಅಂದ್ರೆ ಆಗಲ್ವಾ?"

ಭಾವ ಚಪ್ಪಲಿ ಬಿಡುತ್ತ ಬಾಗಿದವರು ಹಾಗೇ ನಿಂತರು. "ಕಣ್ಣು ಮುಚ್ಚಿದ್ರೆ ಅವು ಬೆನ್ನ ಹಿಂದೆ ಸರಸರ ಓಡಾಡೋದು ಕೇಳಿಸ್ತಿತ್ತು. ಇಷ್ಟು ದಿನ ಗೊತ್ತಿಲ್ದೆ ಕಾಟ ಕೊಟ್ಟೆ, ಆಯ್ತು. ಗೊತ್ತಾದ ಮೇಲೂ ಹೇಗಮ್ಮ ನಿದ್ದೆ ಬರುತ್ತೆ?"