ಬೆಂಚಿನ ತುದಿಯಲ್ಲಿ ನಾಲ್ಕನೆಯವಳು

ಮೊದಲ ಬೆಳಿಗ್ಗೆ ಕಿಟಕಿ ತೆರೆದರೆ ಸಮುದ್ರವೇ ಇರಲಿಲ್ಲ! ಹಿಂದಿನ ಸಂಜೆ ರಸ್ತೆಬದಿಯ ಗೋಡೆಗೆ ಅಪ್ಪಳಿಸುತ್ತಿದ್ದ ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದಿತ್ತು. ಹಸಿ ಮರಳಿನ ಮೇಲೆ ಆಕಾಶವಿಡೀ ಬಿದ್ದುಕೊಂಡಿತ್ತು. ವಾಶಿ ಸೇತುವೆಯ ಮೇಲಿಂದ ಖಾಡಿಯ, ಅಂದರೆ ಆ ಕೊಳಕು ಅಳಿವೆಯ, ಇಳಿತವನ್ನು ದಿನಾ ಕಂಡವಳು ನಾನು. ಅಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಇಲ್ಲಿ ಬಾಯಿ ಮುಚ್ಚಲು ಮರೆತು ನಿಂತೆ.

ಡೊಂಬಿವಲಿಯಿಂದ ಇಂಗ್ಲೆಂಡಿನ ಈ ಪ್ರವಾಸಿಗರ ಊರಿಗೆ ವೃದ್ಧಾಶ್ರಮದ ನರ್ಸ್ ಆಗಿ ಬಂದೆ. ಇಲ್ಲಿ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಸೇತುವೆಯೊಂದಿದೆ, ‘ಪಿಯರ್’ ಅನ್ನುತ್ತಾರೆ. ಅದು ಯಾವ ದಡವನ್ನೂ ಮುಟ್ಟುವುದಿಲ್ಲ. ಸುಮ್ಮನೆ ನೀರಿನ ಮೇಲೆ ಅಡ್ಡಾಡಲಿಕ್ಕೆಂದೇ ಸೇತುವೆ ಕಟ್ಟಿದ ಜನರಿಗೆ ಏನನ್ನಬೇಕು! ಕೈಯಲ್ಲಿದ್ದ ಬಿಸಿ ಆಲೂಗಡ್ಡೆ ಚಿಪ್ಸನ್ನು ಕಡಲಹಕ್ಕಿ ಕಿತ್ತುಕೊಂಡು ಹೋದಾಗಲೂ ಸಿಟ್ಟು ಬರಲಿಲ್ಲ, ಅಷ್ಟು ಚೆಂದದ ರೆಕ್ಕೆ.

ಆದರೆ ಒಂಟಿತನ ಹಿಂಡುತ್ತಿತ್ತು. ಡೊಂಬಿವಲಿಯಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿಯೂ ನಮ್ಮದೇ. ಇಲ್ಲಿ ನನ್ನ ಕುಕ್ಕರ್ ಕೂಗಿದರೆ ನಾನೇ ಬೆಚ್ಚುತ್ತೇನೆ. ವಾಶಿಯ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ಫೋನ್ ಮಾಡಿ, “ಮಗಳ ಸ್ಕೂಲ್ ಅಡ್ಮಿಷನ್ ಹತ್ರ ಬಂತು. ನಾವು ಬರುವುದಾ, ನೀನು ವಾಪಸ್ ಬರುವುದಾ? ಸಂಡೇ ಫೈನಲ್ ಹೇಳು ಮಾರಾಯ್ತಿ,” ಎಂದಿದ್ದರು. ವಾಪಸ್ ಬರುತ್ತೇನೆಂದೇ ಹೇಳುವವಳಿದ್ದೆ.

ಆ ಭಾನುವಾರ ಡ್ಯೂಟಿ ಮುಗಿಸಿ ಬರುವಾಗ ಕಾಲು ಸೋತಿತ್ತು. ಕಡಲೆದುರಿನ ಬೆಂಚಿನಲ್ಲಿ ಮೂವರು ವಯಸ್ಸಾದವರು ಕುಳಿತಿದ್ದರು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೂ ಜಾಗ ಬಿಡುವುದು ನಮ್ಮ ಲೋಕಲ್ ರೈಲಿನ ಕಾನೂನು. ಹಿಂದೆಮುಂದೆ ನೋಡದೆ, ಕೈಯಾಡಿಸಿ “ಸ್ವಲ್ಪ ಸರ್ಕೊಳ್ಳಿ” ಎಂದು ಇಂಗ್ಲಿಷಿನಲ್ಲಿ ಹೇಳಿ ತುದಿಗೆ ಕುಳಿತೇಬಿಟ್ಟೆ. ಪಕ್ಕದ ಬೆಂಚು ಪೂರ್ತಿ ಖಾಲಿ ಇದ್ದದ್ದು ಆಮೇಲೆ ಕಂಡಿತು!

ಮೂವರೂ ನನ್ನನ್ನೇ ನೋಡಿದರು. ನಾಚಿಕೆಯಿಂದ ಏಳಹೊರಟೆ. ಪಕ್ಕದ ಅಜ್ಜಿ ನಕ್ಕು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, “ಕೂತ್ಕೋ, ಹೀಗೆ ಬೆಚ್ಚಗಿರುತ್ತೆ” ಎಂಬರ್ಥದ ಮಾತಾಡಿ ನನ್ನ ತೋಳು ಹಿಡಿದು ಕೂರಿಸಿದರು. ಕೆಲಸದಲ್ಲಿ ಎಷ್ಟೋ ಜನರನ್ನು ಎತ್ತಿ ಕೂರಿಸುತ್ತೇನೆ. ನನ್ನನ್ನು ಯಾರಾದರೂ ತಾಗಿ ಕೂತು ತಿಂಗಳುಗಳೇ ಆಗಿದ್ದವು. ಕಣ್ಣು ತುಂಬಿತು. ಎದುರಿಗೆ ಕಡಲು ಸದ್ದಿಲ್ಲದೆ ಮರಳಿ ತುಂಬುತ್ತಿತ್ತು. ನಾಲ್ವರೂ ಅದನ್ನೇ ನೋಡಿದೆವು.

ಅಲ್ಲಿ ಕುಳಿತಿರುವಾಗಲೇ ಮನೆಯಿಂದ ಫೋನ್ ಬಂತು. “ನೀವಿಬ್ರೂ ಬನ್ನಿ. ಇಲ್ಲಿ ಇರ್ಲಿಕ್ಕೆ ಆಗ್ತದೆ,” ಎಂದೆ.

ಅಪ್ಪನ ಕೈಯಿಂದ ಮಗಳು ಫೋನ್ ಕಿತ್ತುಕೊಂಡಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. “ಮಮ್ಮಾ, ವಹಾಂ ಅಪನಾ ಕೌನ್ ಹೈ?” ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳುತ್ತಿದ್ದಳು.

“ನಾನಿದ್ದೇನಲ್ಲ ಮಗಾ,” ಎಂದೆ, ಖುಷಿಯಿಂದಲೇ. ಆದರೆ ಅಲ್ಲಿನ ನಮ್ಮ ಮನೆಗೆ ಬೀಗ ಬಿದ್ದ ಮೇಲೆ ಡೊಂಬಿವಲಿಯಲ್ಲಿ ನಮ್ಮವರು ಯಾರಿರುತ್ತಾರೆ ಎಂದು ಅವಳು ಕೇಳಲಿಲ್ಲ, ನಾನೇ ಕೇಳಿಕೊಂಡೆ.