ಪೈಲಟ್ ಕಾಕಾನ ಬಿತ್ತಿಗೆ

ಮೊನ್ನೆ ಯಲಬುರ್ಗಾಕ್ಕೆ ಹೊರಟ ಬಸ್ಸಿನ ಕಿಟಕಿಯಿಂದ ಹಸಿ ಎರೆಮಣ್ಣಿನ ವಾಸನೆ ಬಂತು ನೋಡಿ, ಪಕ್ಕದಲ್ಲಿ ತೂಕಡಿಸುತ್ತಿದ್ದ ನಮ್ಮ ಕಾಕಾ ಥಟ್ಟನೆ ಎಚ್ಚರಾದ. ಹೊರಗೆ ಹೊಲಗಳಲ್ಲಿ ಜೋಳ ಹುಟ್ಟಿ ನಾಲ್ಕೆಲೆ ಒಡೆದಿತ್ತು. ಕನ್ನಡಕ ಏರಿಸಿಕೊಂಡು, "ಆ ಸಾಲು ನೋಡವ್ವಾ, ಎಡಕ್ಕ ವಾಲೇತಿ. ಯಾಂವ ಬಿತ್ಯಾನೋ ಏನೋ!" ಎಂದ. ನನಗೆ ನಗು ತಡೆಯಲಾಗಲಿಲ್ಲ. ಈ ಮಾತು ಹೇಳುವವರು ಯಾರು ಅಂತ ಬೇಡವೇ? ಮುಂದಿನ ಸೀಟಿನಲ್ಲಿದ್ದ ಅವನ ಹೆಂಡತಿ, ನಮ್ಮ ಚಿಗವ್ವ, ಹಿಂದಕ್ಕೆ ತಿರುಗದೆಯೇ ಭುಜ ಕುಣಿಸಿ ನಕ್ಕಳು. ನಮ್ಮಿಬ್ಬರ ನಗುವಿನ ಮೂಲ ಗೊತ್ತಿದ್ದ ಕಾಕಾ ಮತ್ತೆ ಕಣ್ಣು ಮುಚ್ಚಿದ.

ಕಾಕಾ ಅಪ್ಪನ ಒಬ್ಬನೇ ತಮ್ಮ. ವಾಯುಪಡೆಯಲ್ಲಿ ಪೈಲಟ್ ಆಗಿದ್ದವನು. ನೌಕರಿ ಮುಗಿಸಿ ಊರಿಗೆ ಬಂದಾಗ ಅವನ ಮೀಸೆ ಇನ್ನೂ ಕಪ್ಪಗಿತ್ತು. ನಮ್ಮೂರು ಮಂಗಳೂರು. ಕಡಲ ದಂಡೆಯದಲ್ಲ ಮತ್ತೆ, ಯಲಬುರ್ಗಾ ಕಡೆಯದು. ಇಷ್ಟು ಬಿಡಿಸಿ ಹೇಳದೆ ಕರೆದಿದ್ದಕ್ಕೆ ಕಾಕಾನ ದೋಸ್ತನೊಬ್ಬ ಮೀನೂಟದ ಆಸೆಯಿಂದ ಬಂದು, ನಾಲ್ಕು ಮಿರ್ಚಿ ಭಜಿ ತಿಂದು, ಚೊಂಬುಗಟ್ಟಲೆ ನೀರು ಕುಡಿದು ವಾಪಸು ಹೋದ. ಇರಲಿ, ಕಾಕಾನ ಸುದ್ದಿಗೆ ಬರೋಣ.

ದಿಲ್ಲಿಯ ಯಾವುದೋ ವಿಮಾನ ಕಂಪನಿ ಅವನನ್ನು ಕರೆಯುತ್ತಿತ್ತು. ಕಾಕಾನಿಗೆ ಮಾತ್ರ ಒಕ್ಕಲುತನವೇ ಬೇಕು. "ಸಾಕಣ್ಣಾ, ಅಲದಾಡಿ ಸಾಕಾಗೇತಿ. ಇನ್ನ ನಮ್ಮನಿ ರೊಟ್ಟಿ ತಿಂದು ನಮ್ಮ ಹೊಲದಾಗ ಇರ್ತೀನಿ," ಎಂದು ಹಟ ಹಿಡಿದ. ಅಪ್ಪ ಒಂದು ಷರತ್ತು ಹಾಕಿದ: "ತಮ್ಮಾ, ಇದು ಹುಡುಗಾಟ ಅಲ್ಲ. ಈ ಹಿಂಗಾರಿಗೆ ಹಳ್ಳದ ಹೊಲ ನೀನ ಬಿತ್ತು. ಛಲೋ ಬಿತ್ತಿದಿ, ಹೊಲ ನಿಂದು. ಇಲ್ಲಾಂದ್ರ ಮಂದಿಗೆ ಪಾಲಿಗೆ ಹಾಕ್ತೀನಿ, ನೀ ಸುಮ್ನ ದಿಲ್ಲಿ ಹಾದಿ ಹಿಡಿ." ಅಂದು ರಾತ್ರಿ ಚಿಗವ್ವ ರೊಟ್ಟಿ ಬಡಿಯುತ್ತ ನನಗೆ ಮೆಲ್ಲಗೆ ಹೇಳಿದಳು, "ಇನ್ನೊಂದು ಊರಿಗೆ ಹೋಗಿ ಒಲಿ ಹೂಡಾಕ ನನ್ನ ಕೈಲೆ ಆಗೂದಿಲ್ಲವ್ವಾ." ಕುಷ್ಟಗಿ ಕಡೆಯ ಒಕ್ಕಲುತನದ ಮನೆಯ ಮಗಳು ಅವಳು.

ನಾನು ಆಗ ಕಾಲೇಜಿನ ಹುಡುಗಿ. ಬಾಯಿ ಸುಮ್ಮನಿರಬೇಕಲ್ಲ? ನಮ್ಮ ಕಾಕಾ ಸ್ಕೇಲು ಇಟ್ಟು ಗೀಟು ಎಳೆದಂತೆ ಬಿತ್ತುತ್ತಾನೆ, ಬಂದು ನೋಡಿರೆಂದು ಗೆಳತಿಯರಿಗೆಲ್ಲ ಡಂಗುರ ಸಾರಿಬಿಟ್ಟೆ.

ಬಿತ್ತುವ ದಿನ ಕಾಕಾ ವಿಮಾನ ಹತ್ತುವ ಮುಂಚೆ ಮಾಡುವಂತೆ ಎತ್ತುಗಳನ್ನು ಸುತ್ತು ಹಾಕಿ ಗೊರಸು, ಕಿವಿ, ಕೊರಳಪಟ್ಟಿ ಎಲ್ಲ ಪರೀಕ್ಷೆ ಮಾಡಿದ. ಬಾಲದ ಹತ್ತಿರ ಬಂದಾಗ ಎಡಗಡೆಯ ಎತ್ತು ಸಗಣಿ ಮೆತ್ತಿದ ಬಾಲದಿಂದ ಮುಖಕ್ಕೊಂದು ಬಾರಿಸಿತು. ಆಮೇಲೆ ಚಿಗವ್ವನ ಕಡೆ ತಿರುಗಿ ಅಪ್ಪಣೆ ಮಾಡಿದ: "ಸಾಲು ಮುಗಿಯೂತನಾ ಒಂದ ಮಾತೂ ಆಡಬ್ಯಾಡ. ನನ್ನ ಲಕ್ಷ್ಯ ತಪ್ತೈತಿ." ಅವಳು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕಾಕಾ ಹೂಡಿದ ಬಿತ್ತುವ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ಹಿಂದೆ ನಡೆದಳು.

ಬಿತ್ತಿಗೆಯಲ್ಲಿ ಮೊದಲ ಸಾಲೇ ಮುಖ್ಯ. ಉಳಿದವೆಲ್ಲ ಅದರ ಮಗ್ಗುಲಲ್ಲೇ ಹೋಗುತ್ತವೆ. ನೆಟ್ಟಗೆ ಹೋಗಬೇಕೆಂದರೆ ದೂರದ ಒಂದು ಗುರುತು ಹಿಡಿದು ಕಣ್ಣು ಕೀಳದೆ ಸಾಗಬೇಕು, ಇದು ಕಾಕಾ ವಿಮಾನದಲ್ಲಿ ಕಲಿತ ವಿದ್ಯೆ. ಆಚೆ ಬದುವಿನ ಮೇಲೆ ಬೆಳ್ಳಗೇನೋ ಕಂಡಿತು. ದೊಡ್ಡ ಕಲ್ಲೆಂದು ಅದನ್ನೇ ಹಿಡಿದು ನಡೆದ. ಅದು ಪಕ್ಕದ ಹೊಲದ ಬಸಣ್ಣನ ಆಕಳು! ಪಾಪ, ಅದು ತನ್ನ ಪಾಡಿಗೆ ಹುಲ್ಲು ಮೇಯುತ್ತ ಒಂದೊಂದೇ ಹೆಜ್ಜೆ ಸರಿಯುತ್ತಿತ್ತು. ಕಾಕಾನೂ ಅದರ ಹಿಂದೆಯೇ ಸರಿದ. ಬದು ಮುಟ್ಟಿದಾಗ ಹೋಗಬೇಕಾದ ಜಾಗ ಎಲ್ಲೋ, ಅವನು ಎಲ್ಲೋ. ಆಕಳು ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಮೇಯತೊಡಗಿತು.

"ಸೊಟ್ಟ ಹೊಂಟಿದ್ದು ನಿನಗ ಕಾಣಲಿಲ್ಲೇನ?" ಎಂದು ಕಾಕಾ ಚಿಗವ್ವನ ಮೇಲೆ ಹರಿಹಾಯ್ದ.

"ಕಂಡಿತ್ರಿ. ನೀವ ಮಾತಾಡಬ್ಯಾಡ ಅಂದಿದ್ರೆಲ್ಲ!"

ಮಣ್ಣಿನ ಹಸಿ ಆರುತ್ತಿತ್ತು, ಬಿದ್ದ ಬೀಜ ಆರಿಸಲು ಬರುವುದಿಲ್ಲ. ಹಾಗೇ ಇಡೀ ಹೊಲ ಬಿತ್ತಿ, ಮೇಲೆ ಕುಂಟೆ ಹೊಡೆದು ಮುಚ್ಚಿದರು. ನೆಲ ಸಪಾಟಾದದ್ದು ಕಂಡು ಕಾಕಾನಿಗೆ ಸಮಾಧಾನವಾಯಿತು. "ಯಾರಿಗೂ ಗೊತ್ತಾಗೂದಿಲ್ಲ ಬಿಡ," ಎಂದ. ಜೋಳ ಹುಟ್ಟುತ್ತದೆ ಎನ್ನುವುದನ್ನೇ ಮರೆತಿದ್ದ.

ವಾರದೊಳಗೆ ಹುಟ್ಟಿತು. ರಸ್ತೆಗೆ ಹತ್ತಿದ ಹೊಲ ಬೇರೆ, ಹೋಗಿಬರುವವರೆಲ್ಲ ಗಾಡಿ ನಿಲ್ಲಿಸಿ ನೋಡಿದ್ದೇ ನೋಡಿದ್ದು. "ಪೈಲಟ್ ಸಾಹೇಬ್ರ, ಹೊಲದಾಗ ಘಾಟ್ ರೋಡ್ ಮಾಡೀರೇನ್ರಿ?" ಎಂದು ಬಸಣ್ಣ ಕೇಳಿದ. ಅವನ ಆಕಳದ್ದೇ ಕಾರಭಾರು ಎಂದು ಹೇಳುವ ಹಾಗೂ ಇಲ್ಲ. ನನ್ನ ಗೆಳತಿಯರು ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ಕಾಕಾ ಮಾತ್ರ ನಗಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ದಿಲ್ಲಿಯವರ ಕಾಗದವನ್ನು ಗೋಡೆಯ ಮಾಡದಿಂದ ತೆಗೆದು ನೋಡಿ ಮತ್ತೆ ಇಡುತ್ತಿದ್ದ. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಒಂದು ಮುಂಜಾನೆ ಅಪ್ಪ ಹೊಲಕ್ಕೆ ಬಂದ. ಚಪ್ಪಲಿ ಬದುವಿನಲ್ಲಿ ಬಿಟ್ಟು, ಒಂದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ಬಗ್ಗಿ ನೋಡುತ್ತ ಹೋಗಿ ಬಂದ. ಕಾಕಾ ಬದುವಿನ ಮೇಲೆ ನಿಂತಿದ್ದ, ಅವನ ಬೆನ್ನಿಗೆ ಚಿಗವ್ವ.

"ಸಾಲು ಸೊಟ್ಟ ಅದಾವ. ಖರೆ, ಎಲ್ಲೂ ಖಾಲಿ ಇಲ್ಲ, ಎಲ್ಲೂ ದಟ್ಟ ಇಲ್ಲ. ಕಾಳು ಬಿಟ್ಟ ಕೈ ಯಾರದು?"

ಕಾಕಾ ಚಿಗವ್ವನತ್ತ ತೋರಿಸಿದ. ಭಾವನ ಎದುರು ಸೆರಗು ಹೊದ್ದು ಮರೆಗೆ ನಿಲ್ಲುವವಳು ಅವಳು. ಅಪ್ಪನೂ ಅದುವರೆಗೆ ಅವಳೊಂದಿಗೆ ನೇರ ಮಾತಾಡಿದವನಲ್ಲ. ಆವತ್ತು ಮಾತಾಡಿದ.

"ಯವ್ವಾ ಗಂಗವ್ವಾ, ಈ ಹೊಲ ನಿನಗ ಕೊಟ್ಟೀನಿ. ಇಂವನ್ನ ಇಟಗೊಂಡು ದುಡಿಸ್ಕೋ."

ಕಾಕಾ ದಿಲ್ಲಿಗೆ ಹೋಗಲಿಲ್ಲ. ಚಿಗವ್ವನ ಕೈಕೆಳಗೆ ಉಳಿದ. ಯಾವಾಗ ಕಳೆ ಹರಗಬೇಕು, ಯಾವಾಗ ಹುಳಕ್ಕೆ ಎಣ್ಣೆ ಹೊಡೆಯಬೇಕು ಎಲ್ಲ ಅವಳದೇ ಹುಕುಂ. ಅಪ್ಪ ಈಗಿಲ್ಲ. ಕಾಗದಪತ್ರದಲ್ಲಿ ಮಾತ್ರ ಹೊಲ ಕಾಕಾನ ಹೆಸರಿಗೇ ಇತ್ತು.

ಮೊನ್ನೆ ಯಲಬುರ್ಗಾಕ್ಕೆ ಹೊರಟದ್ದು ಅದಕ್ಕೇ. ನೋಂದಣಿ ಕಚೇರಿಯಲ್ಲಿ ನಾನು ಸಾಕ್ಷಿ. ಗುಮಾಸ್ತರು ಕಾಗದ ಓದಿ, "ಸಾಹೇಬ್ರ, ನಿಮ್ಮ ಹೊಲ ನಿಮ್ಮ ಹೆಂಡ್ತಿಗೆ ದಾನಾ ಕೊಡ್ತೀರಿ, ಹೌದಲ್ರಿ?" ಎಂದು ಕೇಳಿದರು.

"ದಾನಾ ಎಲ್ಲೀದ್ರಿ? ನಮ್ಮಣ್ಣ ಅಕಿಗೇ ಕೊಟ್ಟಾನ. ಬರದು ಕೊಡಾಕ ನಾ ತಡಾ ಮಾಡೀನಿ, ಅಷ್ಟ."

"ಹಂಗ ಬರ್ಯಾಕ ಬರೂದಿಲ್ರಿ," ಎಂದು ಅವರು ನಕ್ಕರು. "ನಿಮ್ಮ ಉದ್ಯೋಗ ಏನಂತ ಹಾಕ್ಲಿ? ನಿವೃತ್ತ ಪೈಲಟ್?"

ಕಾಕಾ ಗುಮಾಸ್ತರನ್ನು ಬಿಟ್ಟು ಚಿಗವ್ವನ ಮುಖ ನೋಡಿದ. ಇಷ್ಟು ವರ್ಷ ಮಣ್ಣಿನಲ್ಲಿ ಕೈಯಿಟ್ಟ ಮನುಷ್ಯ ಶಾಲೆ ಹುಡುಗನ ಹಾಗೆ ಕಾಯುತ್ತ ನಿಂತ.

ಚಿಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಒಕ್ಕಲುತನ ಅಂತ ಬರೀರಿ," ಎಂದಳು. "ಕಲ್ತಾರ ಈಗ."