ಚಾಕುವಿಗೆ ಬಗ್ಗದ ರೊಟ್ಟಿ

ಬ್ಯಾಸಿಗಿ ಸೂಟಿಯೊಳಗ ಬೆಂಗಳೂರಿನ ಸಂಸ್ಥೆಯೊಂದರಾಗ ಮುಂಜಾನೆ ಅಂತಾರಾಷ್ಟ್ರೀಯ ಸಂಬಂಧಗಳ ಪಾಠ ಕೇಳಿ, ಮಧ್ಯಾಹ್ನ ಅಲ್ಲೇ ಇಂಟರ್ನ್‌ಶಿಪ್ ಮಾಡಾಕತ್ತಿದ್ನಿ. ಒಂದಿನ ಮೇಡಂ ಶಿಷ್ಟಾಚಾರದ ಪಾಠ ಮಾಡಿದ್ರು: "ಆತಿಥೇಯರು ಬಡಿಸಿದ್ದನ್ನು ಬೇಡ ಅನ್ನಬಾರದು."

ಮಧ್ಯಾಹ್ನ ನಾನು ಸಿಂದಗಿಯಿಂದ ತಂದ ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಹಚ್ಕೊಂಡು ತಿನ್ನುವಾಗ ಅವರೇ ಬಂದ್ರು. "ಕೈಯಲ್ಲಿ ತಿನ್ನೋದು ಬಿಡಮ್ಮ. ನಾಳೆ ವಿದೇಶಿ ನಿಯೋಗದ ಜೊತೆ ಊಟಕ್ಕೆ ನಿನ್ನ ಹೇಗೆ ಕೂರಿಸಲಿ?"

ನನಗ ಸಿಟ್ಟು ನೆತ್ತಿಗೇರಿತು. ಒಂದು ರೊಟ್ಟಿ ತಾಟಿನ್ಯಾಗ ಹಾಕಿ, ಚಾಕು, ಫೋರ್ಕ್ ಸಮೇತ ಅವರ ಮುಂದಿಟ್ನಿ. "ಈಗ ಬಡಿಸಾಕಿ ನಾನ್ರಿ ಮೇಡಂ. ನೀವು ಬ್ಯಾಡ ಅನ್ನಂಗಿಲ್ರಿ."

ಚಾಕು ಒತ್ತಿದ ಕೂಡ್ಲೇ ರೊಟ್ಟಿ ಸಿಡಿದು ಅವರ ಸೀರಿ ಮ್ಯಾಲ ಬಿತ್ತು. ಆಮ್ಯಾಲ ಕೈಯಿಂದನ ತಿಂದ್ರು.

ಮರುದಿನ ನನ್ನನ್ನ ಊಟಕ್ಕ ಕೂಡಿಸಿದ್ರು. ಯಾರಿಗೂ ಏನೂ ಬಡಿಸಬ್ಯಾಡ ಅಂತ ಮೊದಲೇ ತಾಕೀತು ಮಾಡಿದ್ರು. ನಾ ರೊಟ್ಟಿ ಗಂಟು ಚೀಲದಾಗ ಇಟ್ಕೊಂಡೇ ಹೋದ್ನಿ.